ಅಲೈದಾ ಇಸ್ತ್ರಿ ಮಾಡುತ್ತ ಕೇಳಿದ ರೆಕಾರ್ಡುಗಳು

ನಮ್ಮ ಬಡಾವಣೆಯ ರೇಡಿಯೊ ಹನ್ನೆರಡು ಬೀದಿಗಳಿಗೆ ಕೇಳಿಸುತ್ತದೆ. ಮಳೆ ಬಂದರೆ ಒಂಬತ್ತಕ್ಕೆ. ಕಾಲಿ ನಗರದ ಓಬ್ರೆರೊ ಬಡಾವಣೆಯಲ್ಲಿ, ಬಣ್ಣದ ಅಂಗಡಿಯ ಮೇಲಿರುವ ಒಂದೇ ಕೋಣೆ ನಮ್ಮ ಕೇಂದ್ರ. ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿ ಸದ್ದು ತಡೆದಿದ್ದೇವೆ. ಆದರೂ ಕೆಳಗೆ ಬಣ್ಣದ ಡಬ್ಬ ಅಲ್ಲಾಡಿಸುವ ಯಂತ್ರ ಶುರುವಾದರೆ ಸುದ್ದಿ ಓದುವವರ ದನಿ ನಡುಗುತ್ತದೆ. ಮೂವತ್ತೊಂದು ವರ್ಷ ಮಕ್ಕಳಿಗೆ ಭೂಗೋಳ ಕಲಿಸಿ ನಿವೃತ್ತಳಾದ ನಾನು ಇಲ್ಲಿ ಗುಂಡಿ ಒತ್ತುವ ಕೆಲಸ ಹಿಡಿದಿದ್ದೆ. ನನ್ನ ಹೆಸರು ನೊರಾಲ್ಬಾ. ಆದರೆ ಎಲ್ಲರೂ ಕರೆಯುವುದು ಟೀಚರ್ ಎಂದೇ.

ಶನಿವಾರ ನಾಲ್ಕು ಗಂಟೆಗೆ 'ಅಮರ ಆಲ್ಬಂಗಳು' ಎಂಬ ಕಾರ್ಯಕ್ರಮ. ಅದನ್ನು ನಡೆಸುತ್ತಿದ್ದವರು ಆರ್ಸೆಸಿಯೊ ಲಾಸ್ಪ್ರಿಯಾ, ನಾವೆಲ್ಲ ಮರ್ಯಾದೆಗೆ ದೊನ್ ಎಂದು ಸೇರಿಸಿ ಕರೆಯುವವರು. ಸಕ್ಕರೆ ಕಾರ್ಖಾನೆಯ ತೂಕದ ಕಟ್ಟೆಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮನೆಯಲ್ಲಿ ನಾಲ್ಕು ಸಾವಿರ ಎಲ್ಪಿ ರೆಕಾರ್ಡುಗಳಿವೆ. ಮಂಚದ ಕೆಳಗಿನವನ್ನು ಸೇರಿಸದೆ ಹೇಳುತ್ತಿದ್ದೇನೆ. ಅವರ ಜೊತೆಗಾರ ಕ್ಷೌರದಂಗಡಿಯ ಫಾನೋರ್ ಕೈಸೆದೊ. ಇಬ್ಬರೂ ವಾರಕ್ಕೊಂದು ಜಗತ್ಪ್ರಸಿದ್ಧ ಆಲ್ಬಂ ತಂದು ಪೂರ್ತಿ ಹಾಕುತ್ತಿದ್ದರು, ಆಮೇಲೆ ಮಾತಾಡುತ್ತಿದ್ದರು. ದೊನ್ ಆರ್ಸೆಸಿಯೊ ಅವರ ಮಾತೆಂದರೆ ಯಾವ ಊರಿನಲ್ಲಿ, ಯಾವ ತಾರೀಖು, ಯಾವ ಸ್ಟುಡಿಯೊ, ರೆಕಾರ್ಡಿನ ನಂಬರೆಷ್ಟು, ಎರಡನೆಯ ಪಿಟೀಲು ನುಡಿಸಿದವನ ಭಾವಮೈದ ಯಾರು. ಫಾನೋರನ ಮಾತೆಂದರೆ ದೊನ್ ಆರ್ಸೆಸಿಯೊ ಹೇಳಿದ್ದರಲ್ಲಿ ಒಂದು ತಾರೀಖು ತಪ್ಪು ಎಂದು ತೋರಿಸುವುದು.

ಮೂರು ವರ್ಷದಲ್ಲಿ ಈ ಕಾರ್ಯಕ್ರಮಕ್ಕೆ ಎರಡು ಫೋನು ಬಂದಿದ್ದವು. ಒಂದು ರಾಂಗ್ ನಂಬರು. ಇನ್ನೊಬ್ಬರು ಕೇಳಿದ್ದು, ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೆ ಎಂದು. ಕೇಂದ್ರದ ಸಮಿತಿಯವರು ಆ ಹೊತ್ತನ್ನು ನಾರುಬೇರಿನ ಕಷಾಯ ಮಾರುವ ಒಬ್ಬನಿಗೆ ಕೊಡುವುದೆಂದು ಮಾತಾಡಿಕೊಳ್ಳುತ್ತಿದ್ದರು. ಇದನ್ನು ದೊನ್ ಆರ್ಸೆಸಿಯೊಗೆ ಹೇಳುವ ಕೆಲಸ ನನ್ನ ತಲೆಗೆ ಕಟ್ಟಿದ್ದರು. ನಾನು ಇವತ್ತು ಹೇಳೋಣ, ನಾಳೆ ಹೇಳೋಣ ಎಂದು ಮುಂದೂಡುತ್ತಲೇ ಇದ್ದೆ.

ಆಗ ಬಂದವಳು ಅಲೈದಾ ವಿಯಾಫರಾ. ನಮ್ಮ ಮೆಟ್ಟಿಲಿನ ಬುಡದಲ್ಲೇ ಅವಳ ಇಸ್ತ್ರಿಯ ಕೋಣೆ. ಐವತ್ತೈದರ ಹೆಂಗಸು, ಗಟ್ಟಿ ತೋಳು, ಮಾತು ಅದಕ್ಕಿಂತ ಗಟ್ಟಿ. ಒಂದು ಶನಿವಾರ ಫಾನೋರನ ಬಿಳಿ ಕೋಟುಗಳನ್ನು ಮಡಿಸಿ ಹಿಡಿದುಕೊಂಡು ಮೇಲೆ ಬಂದಳು. ಬಾಗಿಲ ಮೇಲೆ 'ಪ್ರಸಾರ ನಡೆಯುತ್ತಿದೆ' ಎನ್ನುವ ಕೆಂಪು ದೀಪ ಉರಿಯುತ್ತಿತ್ತು. ಅವತ್ತಿನ ಆಲ್ಬಂ ಟ್ಯಾಂಗೊ, ಬ್ವೆನೊಸ್ ಐರೆಸ್‌ನದು. ಅವಳು ಒಳಗೆ ಬಂದು ಸ್ಟೂಲಿನ ಮೇಲೆ ಕೂತು, ಕೋಟುಗಳನ್ನು ಮಡಿಲಲ್ಲಿಟ್ಟುಕೊಂಡು, ಎರಡೂ ಬದಿ ಮುಗಿಯುವವರೆಗೆ ಕಾದಳು. ಕೊನೆಯ ಹಾಡು ನಿಂತಿತು. ದೊನ್ ಆರ್ಸೆಸಿಯೊ ತಮ್ಮ ಹಾಳೆ ಬಿಡಿಸುತ್ತಿದ್ದರು. ಅಷ್ಟರಲ್ಲಿ ಫಾನೋರ್ ಸುಮ್ಮನೆ ಮರ್ಯಾದೆಗೆಂದು, ಹೇಗಿತ್ತು ದೊನ್ಯಾ ಅಲೈದಾ ಎಂದು ಕೇಳಿದ.

"ಇವನನ್ನ ಒಬ್ಬಳು ಬಿಟ್ಟು ಹೋದ್ಲು ಅಂತ ಮೊದಲನೇ ಹಾಡಲ್ಲೇ ಗೊತ್ತಾಯ್ತು," ಎಂದಳು ಅಲೈದಾ. "ಯಾಕೆ ಬಿಟ್ಟು ಹೋದ್ಲು ಅನ್ನೋದು ಮುಕ್ಕಾಲು ಗಂಟೆ ಕೇಳಿದ್ಮೇಲೆ ಗೊತ್ತಾಯ್ತು."

ಮೈಕು ತೆರೆದಿತ್ತು. ನನ್ನ ಬೆರಳು ಗುಂಡಿಯ ಮೇಲೇ ಇತ್ತು, ಆದರೆ ಒತ್ತಲಿಲ್ಲ. ಇದು ನನ್ನ ತಪ್ಪೊಪ್ಪಿಗೆ ಎಂದುಕೊಳ್ಳಿ. ದೊನ್ ಆರ್ಸೆಸಿಯೊ ಕೆಮ್ಮಿ, ಈ ಗಾಯಕರು ಆ ಕಲೆಯ ಶಿಖರ ಎಂದರು. ಇರಬಹುದು, ಆದರೆ ಶಿಖರದ ಮೇಲಿಂದ ಒಂದು ಸಲವಾದರೂ ಆ ಹೆಂಗಸಿನ ಪಾಡು ಕೇಳಬಹುದಿತ್ತಲ್ಲ ಎಂದಳು ಇವಳು. ಪಿಟೀಲಿನವರು ಮಾತ್ರ ಒಳ್ಳೆಯ ಜನ, ಅವನು ಗೋಳಾಡುತ್ತಿದ್ದರೂ ತಾಳ್ಮೆಯಿಂದ ಕೂತಿದ್ದಾರೆ ಎಂದೂ ಸೇರಿಸಿದಳು. ಫಾನೋರ್ ಕೋಟಿನಲ್ಲಿ ಮುಖ ಹುದುಗಿಸಿ ನಗುತ್ತಿದ್ದ.

ಫೋನು ಬಡಿದುಕೊಂಡಿತು. ಅದನ್ನು ಇಟ್ಟರೆ ಮತ್ತೊಂದು. ಅವತ್ತು ಒಟ್ಟು ಹದಿನಾಲ್ಕು ಕರೆ. ಎಲ್ಲರೂ ಕೇಳಿದ್ದು ಒಂದೇ, ಆ ಹೆಂಗಸು ಯಾರು, ಮುಂದಿನ ವಾರ ಬರುತ್ತಾಳಾ.

ದೊನ್ ಆರ್ಸೆಸಿಯೊ ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ ನಾನೇ ಹೋಗಿ, ಕಷಾಯದವನ ವಿಷಯ ಬಿಡಿಸಿ ಹೇಳಿದೆ. ಅವರು ಬಹಳ ಹೊತ್ತು ಕನ್ನಡಕ ಒರೆಸಿದರು. ಕೊನೆಗೆ, ಸರಿ, ಆ ಹೆಂಗಸಿಗೆ ಸ್ವಲ್ಪ ತಿಳಿವಳಿಕೆ ಕೊಟ್ಟ ಹಾಗೂ ಆಗುತ್ತದೆ ಎಂದರು. ಒಳ್ಳೆಯ ಸಂಗೀತ ಎಂಥವರನ್ನೂ ತಿದ್ದುತ್ತದೆ ಎಂಬುದು ಅವರ ನಂಬಿಕೆ.

ಅಲೈದಾ ಎರಡು ಷರತ್ತು ಹಾಕಿದಳು. ಮೊದಲನೆಯದು, ಸುಮ್ಮನೆ ಕೂತು ಕೇಳುವುದಕ್ಕೆ ಅವಳಿಗೆ ಪುರುಸೊತ್ತಿಲ್ಲ, ಶನಿವಾರ ಹೋಟೆಲಿನವರ ಬಟ್ಟೆ ಇರುತ್ತದೆ. ಇಸ್ತ್ರಿಯ ಮೇಜನ್ನು ಮೇಲಕ್ಕೇ ತರುತ್ತಾಳೆ. ಎರಡನೆಯದು, ಕೇಳುವ ಮೊದಲು ಯಾರೂ ಏನೂ ಹೇಳಬಾರದು, ಕವರನ್ನೂ ತೋರಿಸಬಾರದು. "ಅಡುಗೆ ಬಾಯಿಗಿಡೋಕೆ ಮುಂಚೆ ಅಡುಗೆಯೋನ ಮನೆತನ ಹೇಳಿದ್ರೆ ನಂಗೆ ರುಚಿ ಗೊತ್ತಾಗಲ್ಲ," ಎಂದಳು.

ಹೀಗೆ ಶುರುವಾಯಿತು. ಅವಳ ಅಳತೆಗೋಲು ಅಂಗಿ. ಒಂದು ಆಲ್ಬಮ್ಮಿಗೆ ಎಷ್ಟು ಅಂಗಿ ಮುಗಿದವು ಎಂಬುದನ್ನು ಮೊದಲು ಹೇಳಿ, ಆಮೇಲೆ ಉಳಿದದ್ದು. ಜಮೈಕಾದ ಒಂದು ರೆಗ್ಗೆ ಆಲ್ಬಮ್ಮಿಗೆ ಹತ್ತೊಂಬತ್ತು ಅಂಗಿ. ಇದು ಇಸ್ತ್ರಿಗೆಂದೇ ಮಾಡಿದ ಸಂಗೀತ, ಇಸ್ತ್ರಿಪೆಟ್ಟಿಗೆ ಹೋಗುವಾಗ ಒಂದು ಬಡಿತ, ಬರುವಾಗ ಒಂದು ಬಡಿತ, ಹಾಡುವವನು ಏನೋ ದೊಡ್ಡ ಮಾತು ಹೇಳುತ್ತಿದ್ದಾನೆ, ಆದರೆ ಯಾರ ಮೇಲೂ ಕೂಗಾಡುತ್ತಿಲ್ಲ ಎಂದು ಮೆಚ್ಚಿದಳು. ಮೆಕ್ಸಿಕೊದ ಕುಡುಕ ಪ್ರೇಮಿಯ ಹಾಡುಗಳಿಗೆ ಹನ್ನೊಂದು. ಇಷ್ಟು ಚೆನ್ನಾಗಿ ಕುಡಿಯುತ್ತಿರುವವನನ್ನು ಬಿಡಿಸಲು ಮನಸ್ಸು ಬರುವುದಿಲ್ಲ ಎಂದಳು.

ಬ್ರೆಜಿಲಿನ ಗಿಟಾರಿನ ಆಲ್ಬಂ ಹಾಕಿದ ದಿನ ದೊನ್ ಆರ್ಸೆಸಿಯೊ ಭರವಸೆಯಿಂದಿದ್ದರು. ಅಷ್ಟು ನಯವಾದ ದನಿಗೆ ಯಾರು ತಾನೆ ಸೋಲುವುದಿಲ್ಲ?

"ಪಕ್ಕದ ಕೋಣೇಲಿ ಕೂಸು ಮಲಗಿದೆ, ಅದಕ್ಕೇ ಪಿಸುಪಿಸು ಅಂತ ಹಾಡ್ತಿದಾನೆ. ಒಳ್ಳೇ ಅಪ್ಪ," ಎಂದಳು ಅಲೈದಾ. "ಆದ್ರೆ ಹನ್ನೆರಡು ಹಾಡು ಮುಗಿದ್ರೂ ಕೂಸು ಮಿಸುಕಾಡಲಿಲ್ಲ ಅಂದ್ರೆ, ನಾನಾಗಿದ್ರೆ ಎದ್ದು ಹೋಗಿ ನೋಡ್ತಿದ್ದೆ."

ಇಂಗ್ಲೆಂಡಿನ ಉದ್ದ ಕೂದಲಿನವರ ರಾಕ್ ಆಲ್ಬಮ್ಮಿನಲ್ಲಿ ಒಂದು ಬದಿಗೆ ಒಂದೇ ಹಾಡು, ಇಪ್ಪತ್ತೆರಡು ನಿಮಿಷ. ಇವರಿಗೆ ಸಣ್ಣವರಿದ್ದಾಗ ಯಾರೂ 'ಸಾಕು' ಅನ್ನಲಿಲ್ಲ, ಅನ್ನಬೇಕಿತ್ತು ಎಂದಳು. ಕಿರುಚುವ ಗಿಟಾರುಗಳ ಇನ್ನೊಂದು ಆಲ್ಬಮ್ಮಿಗೆ, ಪಾಪ, ಹೊತ್ತಿಗೆ ಸರಿಯಾಗಿ ಊಟ ಸಿಕ್ಕಿಲ್ಲ, ಆದರೆ ಡ್ರಮ್ಮಿನವನು ಕೆಲಸಗಾರ, ಮನೆಯ ತಾರಸಿ ಒಡೆಯುವುದಿದೆ, ಸಿಕ್ಕರೆ ಕರೆದುಕೊಂಡು ಬರುತ್ತೇನೆ ಎಂದಳು. ಜರ್ಮನಿಯ ಒಂದು ದೊಡ್ಡ ಸಿಂಫನಿ ಮುಗಿದಾಗ ಅವಳು ಹೇಳಿದ್ದು, ಇವರು ಹೊರಡುತ್ತೇನೆ ಹೊರಡುತ್ತೇನೆ ಎಂದು ಬಾಗಿಲಲ್ಲೇ ನಿಂತು ಅರ್ಧ ಗಂಟೆ ಮಾತಾಡುವ ನೆಂಟರ ಥರ, ನಾಲ್ಕು ಸಲ ಎದ್ದು ಕೈಮುಗಿದು ನಾಲ್ಕು ಸಲವೂ ಕೂತರು ಎಂದು. ಸಂಗೀತ ಶಾಲೆಯಲ್ಲಿ ಪಿಟೀಲು ಕಲಿಸುವ ಒಬ್ಬಾಕೆ ಅವತ್ತು ಫೋನು ಮಾಡಿದಳು. ಜಗಳಕ್ಕೇ ಎಂದುಕೊಂಡು ನಾನು ರಿಸೀವರನ್ನು ಕಿವಿಯಿಂದ ದೂರ ಹಿಡಿದೆ. ಅವಳು ತಗ್ಗಿದ ದನಿಯಲ್ಲಿ, ಇಪ್ಪತ್ತು ವರ್ಷದಿಂದ ನನಗೂ ಹಾಗೇ ಅನಿಸಿದೆ, ನನ್ನ ಹೆಸರು ಮಾತ್ರ ಹೇಳಬೇಡಿ ಎಂದಳು.

ದೊನ್ ಆರ್ಸೆಸಿಯೊ ಪ್ರತಿ ವಾರ ಸೋತು ಮನೆಗೆ ಹೋಗುತ್ತಿದ್ದರು, ಪ್ರತಿ ವಾರ ಇನ್ನೂ ದೊಡ್ಡ ಆಲ್ಬಂ ಹೊತ್ತು ತರುತ್ತಿದ್ದರು. ಒಮ್ಮೆ ಅಮೆರಿಕದ ಜಾಜ್ ತಂದರು. ನಿಧಾನದ ಕಹಳೆ, ನಡುನಡುವೆ ಬರೀ ಮೌನ. ಎರಡನೆಯ ಬದಿಯ ಹೊತ್ತಿಗೆ ಇಸ್ತ್ರಿಪೆಟ್ಟಿಗೆಯ ಸದ್ದು ನಿಂತಿದ್ದು ಗಮನಕ್ಕೆ ಬಂದು ನಾನು ತಿರುಗಿ ನೋಡಿದೆ. ಅಲೈದಾ ಅದನ್ನು ಆರಿಸಿ, ಸ್ಟೂಲಿನ ಮೇಲೆ ಕೂತು, ಕಿಟಕಿಯಾಚೆ ನೋಡುತ್ತಿದ್ದಳು. ನಮ್ಮ ಊರಿಗೆ ದಿನವೂ ಬರುವ ಐದು ಗಂಟೆಯ ಗಾಳಿ ಬೆಟ್ಟದಿಂದ ಇಳಿದು ಬೀದಿಯ ಬಟ್ಟೆಗಳನ್ನೆಲ್ಲ ಅಲ್ಲಾಡಿಸುತ್ತಿತ್ತು. ಫಾನೋರ್ ಕೇಳಿದಾಗ, ಇವತ್ತು ಎರಡೇ ಅಂಗಿ ಎಂದಳು. ಯಾಕೆ ಎಂದದ್ದಕ್ಕೆ, ಗೊತ್ತಿಲ್ಲ, ಕೈ ಏಳಲಿಲ್ಲ, ಇದರ ಬಗ್ಗೆ ತಮಾಷೆ ಮಾಡಬೇಡ ಎಂದು ಯಾರೋ ಹೇಳಿದ ಹಾಗಾಯಿತು ಎಂದಳು. ದೊನ್ ಆರ್ಸೆಸಿಯೊ ತಮ್ಮ ಹಾಳೆಯನ್ನು ಬಿಡಿಸಿದರು, ನೋಡಿದರು, ಮತ್ತೆ ಮಡಿಸಿ ಜೇಬಿಗೆ ಹಾಕಿಕೊಂಡರು. ಆ ವಾರ ತಾರೀಖೂ ಇಲ್ಲ, ನಂಬರೂ ಇಲ್ಲ. ಅವತ್ತಿನಿಂದ ಅವಳು ಮೆಟ್ಟಿಲು ಇಳಿಯುವಾಗ ಇಸ್ತ್ರಿಯ ಮೇಜಿನ ಒಂದು ತುದಿಯನ್ನು ಅವರೇ ಹಿಡಿಯತೊಡಗಿದರು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ದೊನ್ ಆರ್ಸೆಸಿಯೊ ಯುವಕರಾಗಿದ್ದಾಗ 'ಐದರ ಗಾಳಿ' ಎಂಬ ಸಾಲ್ಸಾ ಕುಣಿತದ ವಾದ್ಯವೃಂದದಲ್ಲಿದ್ದರು. ಅವರು ಬಾರಿಸುತ್ತಿದ್ದದ್ದು ತಿಂಬಾಲೆ: ಕೋಲಿನಿಂದ ಹೊಡೆಯುವ ಎರಡು ತಗಡಿನ ಡ್ರಮ್ಮು, ಅವಕ್ಕೆ ಸಿಕ್ಕಿಸಿದ ಒಂದು ಗಂಟೆ. ಆ ವೃಂದ ೧೯೭೩ರಲ್ಲಿ ಒಂದೇ ಒಂದು ಆಲ್ಬಂ ಮಾಡಿ, ನಾಲ್ಕು ವರ್ಷದಲ್ಲಿ ಒಡೆದುಹೋಯಿತು. ಬಿಡುಗಡೆಯಾದಾಗ ಯಾರೂ ಕೇಳಲಿಲ್ಲ. ಆಮೇಲೆ ನಮ್ಮ ಊರಿನ ಕುಣಿತದವರ ಕೈಗೆ ಅದು ಹೇಗೋ ಸಿಕ್ಕಿತು. ಎರಡನೆಯ ಬದಿಯ ಮೂರನೆಯ ಹಾಡು ಅರ್ಧದಿಂದ ಮುಂದೆ ವೇಗ ಏರುತ್ತಾ ಹೋಗುತ್ತದೆ. ಕಾಲು ಚುರುಕಿದ್ದವರು ಮಾತ್ರ ಅದಕ್ಕೆ ಕುಣಿಯಬಲ್ಲರು. ಆ ಒಂದು ಹಾಡಿನಿಂದಲೇ ಆಲ್ಬಂ ಅಮರವಾಯಿತು. ಸಂಗ್ರಹಕಾರರು ಆ ವೇಗದ ಬಗ್ಗೆ ಕಿರುಪುಸ್ತಕ ಬರೆದರು. ಫಾನೋರ್ ಅಂತೂ ಅಂಗಡಿಗೆ ಬಂದ ಪ್ರತಿ ತಲೆಗೂ ಅದನ್ನು ವಿವರಿಸುತ್ತಿದ್ದ. ವೃಂದದ ನಾಯಕ ಬೇಕೆಂದೇ ಹಾಗೆ ಮಾಡಿಸಿದ, ಮನುಷ್ಯನ ಎದೆಬಡಿತ ಏರುವ ರೀತಿ ಅದು, ಅದೊಂದು ಕ್ರಾಂತಿ ಎಂದು.

ಆ ಆಲ್ಬಮ್ಮನ್ನು ದೊನ್ ಆರ್ಸೆಸಿಯೊ ರೇಡಿಯೊದಲ್ಲಿ ಒಂದು ದಿನವೂ ಹಾಕಲು ಬಿಟ್ಟಿರಲಿಲ್ಲ. ತಮ್ಮದನ್ನು ತಾವೇ ಹೊಗಳಿಕೊಳ್ಳಬಾರದೆಂಬ ಸಂಕೋಚ ಎಂದು ನಾವೆಲ್ಲ ತಿಳಿದಿದ್ದೆವು. ಡಿಸೆಂಬರಿನ ಜಾತ್ರೆ ಹತ್ತಿರ ಬಂದಾಗ ಫಾನೋರ್ ಮತ್ತೆ ಕೇಳಿದ. ಅವರು ಬೇಡವೆಂದರು. ರೆಕಾರ್ಡಿಗೆ ಗೀರು ಬಿದ್ದಿದೆ ಎಂದರು, ಆಮೇಲೆ ಅದು ಮಗಳ ಮನೆಯಲ್ಲಿದೆ ಎಂದರು. ಫಾನೋರ್ ಹೇಳದೆ ಕೇಳದೆ ತನ್ನದೇ ಪ್ರತಿ ತಂದ. ನಾನು ಅದನ್ನು ತಿರುಗಿಸಲು ಹಾಕಿದ ಮೇಲೆಯೇ ದೊನ್ ಆರ್ಸೆಸಿಯೊಗೆ ಗೊತ್ತಾದದ್ದು. ಮೊದಲ ಸಾಲಿಗೇ ಅವರು ಕುರ್ಚಿಯಿಂದ ಎದ್ದರು. ಆದರೆ ಮೈಕು ತೆರೆದಿತ್ತು. ಅವರು ಕೂತರು.

ಅಲೈದಾಗೆ ಇದು ಏನೂ ಗೊತ್ತಿರಲಿಲ್ಲ. ದೊನ್ ಆರ್ಸೆಸಿಯೊ ಒಂದು ಕಾಲಕ್ಕೆ ಬಾರಿಸುತ್ತಿದ್ದರು ಎಂಬುದೂ ಗೊತ್ತಿರಲಿಲ್ಲ. ಮೊದಲ ಬದಿಯುದ್ದಕ್ಕೂ ಸೊಂಟ ಆಡಿಸುತ್ತ ಇಸ್ತ್ರಿ ಮಾಡಿದಳು. ಆ ಹಾಡು ಬಂದಾಗ ತಲೆ ಓರೆ ಮಾಡಿ ಕೇಳಿದಳು. ಮುಗಿದ ಮೇಲೆ ಹದಿನೈದು ಅಂಗಿ, ಒಂದು ಮೇಜುಬಟ್ಟೆ ಎಂದಳು. ತುಂಬ ಚೆನ್ನಾಗಿದೆ, ಇಷ್ಟು ದಿನ ಇದನ್ನು ಯಾಕೆ ಬಚ್ಚಿಟ್ಟಿದ್ದಿರಿ ಎಂದಳು. ಫಾನೋರ್ ಬೀಗಿ, ಆ ವೇಗದ ಹಾಡಿನ ಬಗ್ಗೆ ಕೇಳಿದ.

"ಅದಾ? ಆ ಗಂಟೆ ಹೊಡೆಯೋನಿಗೆ ಎಲ್ಲಿಗೋ ಹೋಗ್ಬೇಕಾಗಿದೆ," ಎಂದಳು ಅವಳು. "ಒಲೆ ಮೇಲೆ ಹಾಲಿಟ್ಟು ಬಂದೋನ ಥರ ಓಡ್ತಿದಾನೆ. ಕೈಯಲ್ಲಿ ಡೋಲು ಬಾರಿಸೋನು ಪಾಪ, ನಿಲ್ಲೋ ನಿಲ್ಲೋ ಅಂತ ಹಿಂದಿಂದ ಅಂಗಿ ಹಿಡ್ಕೊಂಡು ಎಳೀತಿದಾನೆ. ಇವನು ಕೇಳಲ್ಲ. ಕೊನೆಗೆ ಎಲ್ರೂ ಇವನ ಹಿಂದೇನೇ ಓಡಬೇಕಾಯ್ತು."

ಫಾನೋರ್ ನಕ್ಕು, ಅದು ಅವಸರವಲ್ಲ, ಲೆಕ್ಕ ಹಾಕಿ ಮಾಡಿದ ಕಲೆ, ಪುಸ್ತಕದಲ್ಲೇ ಇದೆ ಎಂದು ಶುರುಮಾಡಿದ. ಎದೆಬಡಿತದ ಮಾತಿಗೆ ಬರುವಷ್ಟರಲ್ಲಿ ದೊನ್ ಆರ್ಸೆಸಿಯೊ ಅವನ ತೋಳು ಮುಟ್ಟಿದರು.

"ಹಾಲಲ್ಲ, ದೊನ್ಯಾ ಅಲೈದಾ," ಎಂದರು. "ಹೆಂಡತಿ."

ಆಮೇಲೆ ಅವರು ಹೇಳಿದ್ದನ್ನು ನಾನು ಚುಟುಕಾಗಿ ಹೇಳುತ್ತೇನೆ. ರೆಕಾರ್ಡಿಂಗ್ ನಡೆದದ್ದು ದೂರದ ಮೆದೆಯಿನ್ ನಗರದಲ್ಲಿ. ಆಗೆಲ್ಲ ಇಡೀ ವೃಂದ ಒಟ್ಟಿಗೆ ಕೂತು ನುಡಿಸಬೇಕು, ಒಬ್ಬ ತಪ್ಪಿದರೆ ಎಲ್ಲರದ್ದೂ ಹಾಳು. ಮಧ್ಯಾಹ್ನ ಊರಿನಿಂದ ಫೋನು ಬಂತು, ಹೆಂಡತಿ ನೂಬಿಯಾಗೆ ಹೆರಿಗೆ ನೋವು ಶುರುವಾಗಿದೆ, ದಿನ ತುಂಬುವುದಕ್ಕೆ ಮೂರು ವಾರ ಮೊದಲೇ. ಕಾಲಿ ನಗರಕ್ಕೆ ಕೊನೆಯ ಬಸ್ಸು ಐದು ಗಂಟೆಗೆ. ಇನ್ನೊಂದು ಹಾಡು ಬಾಕಿ. ಹೇಳಿದರೆ ನಾಯಕ ಕೋಪಿಸಿಕೊಳ್ಳುತ್ತಾನೆಂದು ಇವರು ಯಾರಿಗೂ ಹೇಳಲಿಲ್ಲ. ಎದುರಿನ ಗೋಡೆಯ ಮೇಲೆ ಗಡಿಯಾರ. ಹಾಡು ಅರ್ಧವಾಗುವಾಗ ನಾಲ್ಕೂ ಇಪ್ಪತ್ತು. ಆಮೇಲೆ ಕೈ ಅವರ ಮಾತು ಕೇಳಲಿಲ್ಲ.

ಬಸ್ಸು ಸಿಕ್ಕಿತು. ಮಗಳು ಇವರು ದಾರಿಯಲ್ಲಿದ್ದಾಗಲೇ ಹುಟ್ಟಿದಳು. ಅಲ್ಲಿಗೆ ಮುಗಿದಿದ್ದರೆ ಇದೊಂದು ನಗುವ ಕತೆಯಾಗುತ್ತಿತ್ತು. ವಾರದ ಮೇಲೆ ನಾಯಕ ಟೇಪು ಕೇಳಿದ. ವೇಗ ತಪ್ಪಿಸಿದ್ದು ಕೊಂಗಾ ಬಾರಿಸುವವನು, ಅಂದರೆ ಅಲೈದಾ ಹೇಳಿದ ಆ ಕೈಡೋಲಿನವನು, ಎಂದು ತೀರ್ಮಾನಿಸಿದ. ಅವನ ಹೆಸರು ದಾಗೊಬೆರ್ತೊ ರಿಯಾಸ್ಕೊಸ್, ಬ್ವೆನವೆಂತುರಾ ಬಂದರಿನ ಹುಡುಗ, ಇಪ್ಪತ್ತೊಂದು ವಯಸ್ಸು. ಎಲ್ಲರ ಎದುರೇ ಅವನನ್ನು ವೃಂದದಿಂದ ತೆಗೆದುಹಾಕಿದರು. ದೊನ್ ಆರ್ಸೆಸಿಯೊ ಅದೇ ಕೋಣೆಯಲ್ಲಿದ್ದರು, ಮನೆಯಲ್ಲಿ ಎಂಟು ದಿನದ ಕೂಸಿತ್ತು, ಬಾಯಿ ಬಿಡಲಿಲ್ಲ.

"ಆಮೇಲೆ ಜನ ಆ ವೇಗವನ್ನೇ ಹೊಗಳೋಕೆ ಶುರು ಮಾಡಿದ್ರು," ಎಂದರು. "ಆಗಲೂ ಹೇಳಲಿಲ್ಲ."

ಫಾನೋರ್ ತನ್ನ ರೆಕಾರ್ಡನ್ನು ಕವರಿಗೆ ಹಾಕಲು ಹೋಗಿ ಎರಡು ಸಲ ತಪ್ಪಿಸಿದ. ನಾನು ಒಂದು ಜಾಹೀರಾತು ಹಾಕಿದೆ. ಫೋನು ಬಂತು. ಮೊದಲ ಕರೆ ನೂಬಿಯಾಳದು. ಅವರಿಗೆ ಕೊಡಲೇ ಎಂದರೆ, ಬೇಡ ಟೀಚರ್, ಬರುವಾಗ ಬ್ರೆಡ್ಡು ತರಲು ಹೇಳಿ, ಮತ್ತೆ ಇವತ್ತು ಅವಸರ ಮಾಡಬೇಡಿ ಅಂತ ಹೇಳಿ ಎಂದು ಇಟ್ಟುಬಿಟ್ಟಳು.

ಅಲೈದಾ ಅವತ್ತು ಮೇಜನ್ನು ಒಬ್ಬಳೇ ಇಳಿಸಿದಳು. ಮಾರನೆಯ ದಿನ ನನ್ನ ಮನೆಗೆ ಬಂದು, ಬೀಗರ ಮನೆಯಲ್ಲಿ ತಟ್ಟೆ ಒಡೆದವಳ ಹಾಗೆ ಕೂತಳು. ಯಾರನ್ನೂ ನೋಯಿಸಬೇಕೆಂದು ಹೇಳಲಿಲ್ಲ ಟೀಚರ್, ಕಿವಿಗೆ ಬಿದ್ದದ್ದು ಹೇಳಿದೆ ಎಂದಳು. ನಾನು, ಅದಕ್ಕೇ ತಾನೆ ನಿನ್ನನ್ನು ಕರೆದದ್ದು ಎಂದೆ. ಅದರಿಂದ ಅವಳಿಗೆ ಸಮಾಧಾನವಾಗಲಿಲ್ಲ. ಮುಂದಿನ ಶನಿವಾರ ಬರುವುದಿಲ್ಲ ಎಂದಳು. ಆದರೆ ಶುಕ್ರವಾರ ದೊನ್ ಆರ್ಸೆಸಿಯೊ ಅವಳ ಕೋಣೆಗೆ ಹೋದರು. ಇಬ್ಬರೂ ಏನು ಮಾತಾಡಿದರೋ ನನಗೆ ಗೊತ್ತಿಲ್ಲ. ಶನಿವಾರ ಮೇಜು ಮೇಲೆ ಬಂತು, ಒಂದು ತುದಿ ಅವರ ಕೈಯಲ್ಲೇ ಇತ್ತು. ಅವತ್ತು ಕಾರ್ಯಕ್ರಮದ ಕೊನೆಗೆ ಅವರು, ದಾಗೊಬೆರ್ತೊ ರಿಯಾಸ್ಕೊಸ್ ಎಲ್ಲಿದ್ದಾನೆಂದು ಬಲ್ಲವರು ತಿಳಿಸಿ ಎಂದು ಕೇಳಿಕೊಂಡರು. ಹನ್ನೆರಡು ಬೀದಿಯ ರೇಡಿಯೊದಲ್ಲಿ ಬಂದರಿನ ಮನುಷ್ಯನನ್ನು ಹುಡುಕುವುದು ಬಕೆಟ್ಟಿನ ನೀರಿನಲ್ಲಿ ಸಮುದ್ರದ ಮೀನು ಹುಡುಕಿದ ಹಾಗೆ ಎಂದು ಫಾನೋರ್ ನನ್ನ ಕಿವಿಯಲ್ಲಿ ಹೇಳಿದ. ಆದರೆ ಒಂಬತ್ತನೆಯ ಬೀದಿಯಲ್ಲಿ ಹಣ್ಣು ಮಾರುವ ಒಬ್ಬಳು ದಾಗೊಬೆರ್ತೊನ ಅಕ್ಕನ ಮಗಳಾಗಿದ್ದಳು.

ಮೂರು ವಾರದ ಮೇಲೆ ಅವನೇ ಬಂದ. ಅರವತ್ತರ ಮನುಷ್ಯ, ಎತ್ತರ, ಬಿಳಿ ಟೋಪಿ, ಕೈಯಲ್ಲಿ ಎಲೆಯಲ್ಲಿ ಸುತ್ತಿದ ಕೊಬ್ಬರಿ ಮಿಠಾಯಿಯ ಪೊಟ್ಟಣ. ಮಿಠಾಯಿಯನ್ನು ಅಲೈದಾಗೆ ಕೊಟ್ಟ. ನೀನೇ ತಾನೆ ಕಿವಿ ಇರುವವಳು ಎಂದ. ದೊನ್ ಆರ್ಸೆಸಿಯೊ ಎದ್ದು ನಿಂತಿದ್ದರು. ಅವರ ಕಡೆ ನೋಡದೆ ಆ ರೆಕಾರ್ಡು ಹಾಕಲು ಹೇಳಿದ. ಅವನು ಅದನ್ನು ಇದುವರೆಗೆ ಪೂರ್ತಿ ಕೇಳಿಯೇ ಇರಲಿಲ್ಲವಂತೆ. ತನ್ನ ಕೈಯೇ ತಪ್ಪಿತು ಎಂದು ಎಲ್ಲರೂ ಹೇಳಿದ್ದರಿಂದ, ಹೌದಿರಬೇಕು ಎಂದು ತಾನೂ ನಂಬಿ, ಬಂದರಿನಲ್ಲಿ ಕ್ರೇನಿನ ಕೆಲಸ ಹಿಡಿದು, ಮದುವೆಮನೆಗಳಲ್ಲೂ ಡೋಲು ಮುಟ್ಟಿರಲಿಲ್ಲವಂತೆ. ಆ ಹಾಡು ಬೀದಿಯಲ್ಲಿ ಎಲ್ಲಾದರೂ ಕೇಳಿಸಿದರೆ ಇನ್ನೊಂದು ಬೀದಿಗೆ ತಿರುಗುತ್ತಿದ್ದನಂತೆ.

ನಾನು ಸೂಜಿ ಇಳಿಸಿದೆ. ಅವನು ಕಣ್ಣು ಮುಚ್ಚಿ, ಬೆರಳುಗಳನ್ನು ಮೇಜಿನ ಮೇಲೆ ಆಡಿಸುತ್ತ ಕೇಳಿದ. ವೇಗ ಏರುವ ಕಡೆ ಬೆರಳುಗಳು ಏರಲಿಲ್ಲ, ಇದ್ದಲ್ಲೇ ನಿಂತವು. ಆಮೇಲೆ ನಗತೊಡಗಿದ, ಸದ್ದಿಲ್ಲದೆ, ಭುಜ ಕುಲುಕಿಸಿ.

"ಹಿಡ್ಕೊಂಡಿದೀನಲ್ಲ," ಎಂದ. "ನೋಡಿ, ನಾನು ಹಿಡ್ಕೊಂಡೇ ಇದೀನಿ."

ದೊನ್ ಆರ್ಸೆಸಿಯೊ ಜೇಬಿನಿಂದ ಹಾಳೆ ತೆಗೆದರು. ಸಾವಿರದ ಒಂಬೈನೂರ ಎಪ್ಪತ್ತಮೂರನೆಯ ಇಸವಿ, ಆಗಸ್ಟ್ ತಿಂಗಳ ಹದಿನೇಳನೆಯ ತಾರೀಖು, ರೆಕಾರ್ಡಿನ ನಂಬರು ಇಂತಿಷ್ಟು, ಎರಡನೆಯ ಬದಿ ಎಂದು ಓದತೊಡಗಿದರು.

"ದೊನ್ ಆರ್ಸೆಸಿಯೊ," ಎಂದಳು ಅಲೈದಾ ಮೆತ್ತಗೆ, "ನಂಬರು ಬೇಡ."

ಅವರು ಹಾಳೆ ಕೆಳಗಿಟ್ಟರು. ತಪ್ಪಾಯ್ತು ದಾಗೊಬೆರ್ತೊ, ಎಂದರು.

ದಾಗೊಬೆರ್ತೊ ಟೋಪಿ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಕೂಸು ಏನಾಯಿತು ಎಂದು ಕೇಳಿದ. ಹೆಣ್ಣು ಮಗು, ಈಗ ಹಲ್ಲಿನ ಡಾಕ್ಟರು, ಇಬ್ಬರು ಮಕ್ಕಳ ತಾಯಿ ಎಂದರು ಇವರು.

"ಅವತ್ತೇ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲೋ ಮಾರಾಯ," ಎಂದ ದಾಗೊಬೆರ್ತೊ. "ನಾನೂ ಜೋರಾಗೇ ಬಾರಿಸ್ತಿದ್ದೆ. ಹೆಂಡತಿ ಹೆರ್ತಿರೋನನ್ನ ಯಾರಾದ್ರೂ ಹಿಡ್ದು ಎಳೀತಾರಾ?"

ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ. ಫಾನೋರ್ ಆತುರಪಟ್ಟು, ಹಾಗಾದರೆ ಎಲ್ಲ ಸರಿಹೋಯಿತು ಎಂದದ್ದಕ್ಕೆ, ಮೂವತ್ತೊಂಬತ್ತು ವರ್ಷದ್ದು ಒಂದು ಮಧ್ಯಾಹ್ನಕ್ಕೆ ಹೋಗುತ್ತದೆಯೇ, ನೋಡೋಣ, ಬಸ್ಸು ಮೂರೂವರೆ ತಾಸು, ಮುಂದಿನ ಶನಿವಾರ ಬರುತ್ತೇನೆ ಎಂದ. ಬಂದ. ಅದರ ಮುಂದಿನ ಶನಿವಾರವೂ ಬಂದ. ನೂಬಿಯಾ ಅವನಿಗೆಂದು ಸೂಪು ಮಾಡಿ ಕಳಿಸತೊಡಗಿದಳು. ಮನೆಗೇ ಕರೆಯಲು ಅವಳಿಗೆ ಧೈರ್ಯ ಬಂದದ್ದು ಫೆಬ್ರವರಿಯಲ್ಲಿ. ಏಪ್ರಿಲ್ ಹೊತ್ತಿಗೆ ಅವನು ಅಕ್ಕನ ಮಗಳ ಮನೆಯಲ್ಲಿ ಎರವಲು ಕೊಂಗಾ ಇಟ್ಟುಕೊಂಡಿದ್ದಾನೆಂದು ಕೇಳಿದೆ. ದೊನ್ ಆರ್ಸೆಸಿಯೊ ಮಂಚದ ಕೆಳಗಿನಿಂದ ತಿಂಬಾಲೆ ಎಳೆದರು. ಇಬ್ಬರೂ ಭಾನುವಾರ ಸಂಜೆ ಬಾಗಿಲು ಹಾಕಿಕೊಂಡು ಬಾರಿಸುತ್ತಾರೆ. ಅಲೈದಾ ಒಮ್ಮೆ ಕೇಳಿ, ಈಗ ಇಬ್ಬರೂ ಒಬ್ಬರಿಗೊಬ್ಬರು ಕಾಯುತ್ತ ನಿಂತೇಬಿಡುತ್ತಾರೆ, ಇದಕ್ಕೆ ಯಾರು ಕುಣಿಯುತ್ತಾರೆ ಎಂದಳು.

ಫಾನೋರ್ ಎದೆಬಡಿತದ ಸಿದ್ಧಾಂತವನ್ನು ಬಿಟ್ಟಿಲ್ಲ. ಹೆರಿಗೆಯ ಗಾಬರಿಯೂ ಎದೆಬಡಿತವೇ, ಆದ್ದರಿಂದ ತಾನು ಹೇಳಿದ್ದು ಸರಿಯೇ ಎಂದು ಈಗ ಅಂಗಡಿಯಲ್ಲಿ ವಿವರಿಸುತ್ತಾನೆ. ಕತ್ತರಿ ಕಿವಿಯ ಪಕ್ಕದಲ್ಲೇ ಇರುವಾಗ ಯಾರೂ ಎದುರಾಡುವುದಿಲ್ಲ.

ಮೊನ್ನೆ ಶನಿವಾರ ಇಟಲಿಯ ಒಂದು ಒಪೆರಾ ಹಾಕಿ ಮುಗಿಸಿದೆವು. ಮೂರು ರೆಕಾರ್ಡು, ಆರು ಬದಿ. ಎರಡು ವಾರಕ್ಕೆ ಹಂಚಬೇಕಾಯಿತು. ನಾಯಕಿ ಸಾಯಲು ಇಪ್ಪತ್ತು ನಿಮಿಷ ತೆಗೆದುಕೊಂಡಳು. ಅಲೈದಾ, ಕ್ಷಯ ಬಂದವಳಿಗೆ ಇಷ್ಟು ಉಸಿರೆಲ್ಲಿಂದ, ನಮ್ಮ ಅತ್ತೆಗೆ ನೀರು ಕೇಳಲೂ ಆಗುತ್ತಿರಲಿಲ್ಲ ಎಂದಳು. ದಾಗೊಬೆರ್ತೊ ಕಣ್ಣೊರೆಸಿಕೊಳ್ಳುತ್ತ, ನಿನಗೆ ಕಿವಿಯಿದೆ, ಹೃದಯವಿಲ್ಲ ಎಂದ. ಅವಳು ತಿರುಗಿ ಏನೋ ಅಂದಳು, ಅವನೂ ಬಿಡಲಿಲ್ಲ. ದೊನ್ ಆರ್ಸೆಸಿಯೊ ಹಾಳೆ ಹಿಡಿದು ಕಾಯುತ್ತ ಕೂತಿದ್ದರು. ಸಮಯ ಮುಗಿಯಿತೆಂದು ನಾನು ಕೈ ತೋರಿಸಿದೆ. ಅವರು ನಕ್ಕು, ಇರಲಿ ಟೀಚರ್, ಅವರು ಮುಗಿಸಲಿ ಎಂದು ಸನ್ನೆ ಮಾಡಿದರು.